ನೀಲವ್ವನ ಬಾವಿ

ಅತ್ತೆಯ ಕಾಟ ತಾಳದೆ ಬಾವಿಗೆ ಹಾರಿ ದೇವರಾದ ನೀಲವ್ವನ ಕಥೆ ಊರಿಗೆಲ್ಲ ಗೊತ್ತು. ಪ್ರತಿವರ್ಷ ಆ ಬಾವಿಗೆ ಹಸಿರು ಬಳೆ ಬಿಡುತ್ತಾರೆ. ಅದನ್ನೇ ಸಿನಿಮಾ ಮಾಡಿದವನು ಕೊನೆಯನ್ನಷ್ಟೇ ಬದಲಿಸಿದ್ದ. ಅವನ ನೀಲವ್ವ ಕಲ್ಲು ಹಿಡಿದು ಮೇಲೆ ಹತ್ತಿ, ಒಬ್ಬಳೇ ಊರು ಬಿಟ್ಟು ಹೋಗುತ್ತಾಳೆ. ಊರಿನವರು ಒಪ್ಪಿದರಷ್ಟೇ ಬಿಡುಗಡೆ ಎಂದು ಮಾತು ಕೊಟ್ಟಿದ್ದರಿಂದ ಮೊದಲು ಶಾಲೆಯಲ್ಲಿ ತೋರಿಸಿದ.

ಮುಗಿದಾಗ ಹಿರಿಯ ಗೌಡರು ಎದ್ದರು. "ಸತ್ತಾಕಿನ್ನ ಬದುಕಿಸಿದ್ರ ನಾವು ಕೈ ಮುಗಿಯೂದು ಯಾರಿಗೋ ತಮ್ಮಾ? ಇದನ್ನ ಸುಟ್ಟುಬಿಡು."

ಮುದುಕರೆಲ್ಲ ಅವರ ಹಿಂದೆಯೇ ಹೊರಟರು. ಬೇರೆ ಊರಿನಿಂದ ಬಂದ ಅಜ್ಜಿಯೊಬ್ಬಳು ಮಾತ್ರ ಕೂತೇ ಇದ್ದಳು.

"ನಿನಗೂ ಸಿಟ್ಟೇನಬೇ?" ಎಂದು ಅವನು ಕೇಳಿದ.

"ಇಲ್ಲಪ್ಪ. ಗೊತ್ತಿದ್ದ ಕತಿನ ಛಲೋ ತಿರುವೀದಿ. ಒಂದು ಮಾತ್ರ ಬಿಟ್ಟೀದಿ."

"ಏನದು?"

"ನಾ ಹತ್ತಿ ಬರೂದನ್ನ ಊರೆಲ್ಲ ನಿಂತು ನೋಡಿತ್ತು."