ಎರಡನೆಯ ಪೆನ್ಸಿಲು

ಇನ್‌ಸ್ಪೆಕ್ಟರ್ ವಾಮನರಾಯರು ಕಚೇರಿಯ ಬಾಗಿಲಲ್ಲೇ ನಿಂತು, ಸಹಿಯಿಲ್ಲದ ಅರ್ಜಿಯನ್ನು ಗಟ್ಟಿಯಾಗಿ ಓದಿದರು: “ಕುಮಟೆ ಬಂದರಿನ ತಾರು ಕಚೇರಿಯಲ್ಲಿ ಒಬ್ಬ ಕಿವುಡ ಸರಕಾರದ ಸಂಬಳ ತಿನ್ನುತ್ತಿದ್ದಾನೆ.”

“ಎಂತ?” ಎಂದ ಪೋಸ್ಟ್ ಮಾಸ್ತರ ಮಾಬ್ಲೇಶ್ವರ, ಕಿವಿಗೆ ಅಂಗೈ ಹಿಡಿದು.

ರಾಯರಿಗೆ ನಗು ಬಂತು. ಧಾರವಾಡದಿಂದ ಘಟ್ಟ ಇಳಿದು ಎರಡು ದಿನ ಕುಲುಕಿಸಿಕೊಂಡು ಬಂದ ಕೆಲಸ ಹೊಸಿಲಲ್ಲೇ ಮುಗಿದಿತ್ತು. ಕಿವುಡ ಸಿಕ್ಕರೆ ಆ ದಿನವೇ ಮನೆಗೆ ಕಳಿಸತಕ್ಕದ್ದು. ಆದೇಶ ಕಿಸೆಯಲ್ಲೇ ಇತ್ತು. ಹೆಸರಿನ ಜಾಗವಷ್ಟೇ ಖಾಲಿ.

ಯುದ್ಧ ಮುಗಿದ ಮರುವರ್ಷ ಅದು. ಕಚೇರಿಯಲ್ಲಿದ್ದವರು ಇಬ್ಬರೇ. ಒಂದೇ ಹಲಗೆಯ ಉದ್ದನೆಯ ಮೇಜು. ಈ ತುದಿಗೆ ಟಪಾಲಿಗೆ ಮುದ್ರೆ ಹೊಡೆಯುವ ಮಾಬ್ಲೇಶ್ವರ, ಆ ತುದಿಗೆ ತಾರಿನ ಯಂತ್ರದ ಮುಂದೆ ಕೃಷ್ಣಾನಂದ. ಮಾಬ್ಲೇಶ್ವರನ ಪೆನ್ಶನ್ನಿಗೆ ಮೂರು ವರ್ಷ ಬಾಕಿ. ಕೃಷ್ಣಾನಂದನಿಗೆ ಮೂವತ್ತು, ಮನೆಯಲ್ಲಿ ತಾಯಿ, ಹೆಂಡತಿ, ಎರಡು ಮಕ್ಕಳು, ದುಡಿಯುವವನು ಅವನೊಬ್ಬ.

ರಾಯರು ಅವನ ಸರ್ವಿಸ್ ಪುಸ್ತಕ ತಿರುವಿದರು. ಬೊಂಬಾಯಿ ಬಂದರಿನ ಕಚೇರಿಯಲ್ಲಿ ಆರು ವರ್ಷ; ೧೯೪೪ರ ಮೇ ತಿಂಗಳಲ್ಲಿ ಸ್ವಂತ ಕೋರಿಕೆಯ ಮೇಲೆ ಊರಿಗೆ ವರ್ಗ. ಇಲ್ಲಿಗೆ ಬಂದ ಮೇಲೆ ತಪ್ಪಿದ ತಾರು ಒಂದೂ ಇಲ್ಲ.

“ಕೃಷ್ಣಾನಂದ,” ಎಂದರು, ಪುಸ್ತಕದಿಂದ ತಲೆ ಎತ್ತದೆ.

ಮಾಬ್ಲೇಶ್ವರ ಲಕೋಟೆಯ ಮೇಲೆ ಧಡ್ಡೆಂದು ಮುದ್ರೆ ಹೊಡೆದ. ಕೃಷ್ಣಾನಂದ ಎದ್ದು ನಿಂತ.

“ಬಾಯಾಗ ಅದೇನ್ರಿ?”

“ಎಂತ?” ಮಾಬ್ಲೇಶ್ವರ ನಡುವೆ ನುಗ್ಗಿ ಕೃಷ್ಣಾನಂದನ ಕಡೆ ತಿರುಗಿದ. “ಬಾಯಲ್ಲಿ ಎಂತದು ಅಂತ ಕೇಳೂದೋ ಸಾಹೇಬರು?”

“ಪೆನ್ಸಿಲು ಸಾಹೇಬರೇ! ಬೀಡಿ ಬಿಟ್ಟಿದ್ದೇನೆ. ಹಲ್ಲಿಗೆ ಏನಾದರೂ ಬೇಕು!”

ಕೃಷ್ಣಾನಂದನ ಧ್ವನಿ ತುಸು ಜೋರಾಗಿತ್ತು. ದಿನವಿಡೀ ಇಂಥ ಮುದುಕನ ಪಕ್ಕ ಕೂತರೆ ಇನ್ನೇನಾದೀತು, ಎಂದುಕೊಂಡರು ರಾಯರು. ಬರೆಯಲು ಒಂದು ಪೆನ್ಸಿಲು, ಕಚ್ಚಲು ಇನ್ನೊಂದು. ತಾವೇ ತಂಬಾಕಿನ ದಾಸರಾದ್ದರಿಂದ ಅದೂ ಅರ್ಥವಾಯಿತು. ಮೇಲಧಿಕಾರಿಯ ಮುಖದಿಂದ ಕಣ್ಣು ಕೀಳದೆ ನಿಂತ ಆ ವಿನಯವಂತೂ ಬಹಳ ಹಿಡಿಸಿತು. ಮೇಲ್ದುಟಿಯನ್ನು ಪೂರಾ ಮುಚ್ಚಿದ್ದ ತಮ್ಮ ಮೀಸೆಯನ್ನು ಒಮ್ಮೆ ನೀವಿಕೊಂಡರು.

ಪೀಡೆಯೆಂದರೆ ಆ ಮುದುಕನೇ. ರಾಯರು ಯಾರನ್ನು ಏನು ಕೇಳಿದರೂ ಅವನ “ಎಂತ?” ಅಡ್ಡ ಬರುತ್ತಿತ್ತು. ಆಮೇಲೆ ಇಡೀ ಪ್ರಶ್ನೆಯನ್ನು ಕೃಷ್ಣಾನಂದನಿಗೆ ಮುಖ ಕೊಟ್ಟು ಇನ್ನೊಮ್ಮೆ ಆಡಿ, ಹೌದೋ ಅಲ್ಲವೋ ಎಂದು ಖಾತ್ರಿ ಮಾಡಿಕೊಳ್ಳುವುದು.

ಹನ್ನೊಂದಕ್ಕೆ ಯಂತ್ರ ಕಟಕಟಿಸಿತು. ಕಾರವಾರದಿಂದ ಪರೀಕ್ಷೆಯ ತಾರು. ರಾಯರದೇ ಗುಟ್ಟಿನ ಏರ್ಪಾಡು. ಕೃಷ್ಣಾನಂದ ಯಂತ್ರಕ್ಕೆ ನಮಸ್ಕರಿಸುವವನಂತೆ ಬಗ್ಗಿದ. ಹಲ್ಲಿನ ಪೆನ್ಸಿಲಿನ ತುದಿ ಅದರ ಮರದ ಪೆಟ್ಟಿಗೆಗೆ ತಾಗಿತು, ಕೈಯ ಪೆನ್ಸಿಲು ಓಡತೊಡಗಿತು. ನಲವತ್ತು ಶಬ್ದ, ಬೇಕೆಂದೇ ತುರುಕಿದ ಅಡ್ಡಾದಿಡ್ಡಿ ಹೆಸರುಗಳು, ಕುದುರೆಯ ವೇಗ. ಒಂದಕ್ಷರ ತಪ್ಪಲಿಲ್ಲ.

“ಶಾಬಾಶ್! ಕಿವಿ ಅಂದ್ರ ಇದು!” ಎಂದರು ರಾಯರು.

“ಇಂಥ ಕಿವಿ ಬೊಂಬಾಯಿಯಲ್ಲೂ ಸಿಕ್ಕೂದಿಲ್ಲ, ಸಾಹೇಬರೇ,” ಎಂದ ಮಾಬ್ಲೇಶ್ವರ, ಈ ಸಲ ಎಂತ ಎನ್ನದೆ.

ಇನ್ನು ಉಳಿದವನು ಅವನೊಬ್ಬ. ರಾಯರು ಬೆಕ್ಕಿನ ಹೆಜ್ಜೆಯಲ್ಲಿ ಅವನ ಬೆನ್ನ ಹಿಂದೆ ಹೋಗಿ, ಕಿಸೆಯ ಗಡಿಯಾರವನ್ನು ತಲೆಯಿಂದ ಒಂದು ಮೊಳ ದೂರದಲ್ಲಿ ಹಿಡಿದರು.

ಮಾಬ್ಲೇಶ್ವರ ತಿರುಗಿ ನೋಡಲಿಲ್ಲ. “ಗಡಿಯಾರಕ್ಕೆ ಎಣ್ಣೆ ಬಿಡ್ಸಿ ಸಾಹೇಬರೇ. ಟಿಕ್ ಸರಿ ಅದೆ, ಟಕ್ ಎಳೀತದೆ.”

ರಾಯರ ಮುಖ ಕೆಂಪಾಯಿತು. “ಮತ್ತ ಮುಂಜಾನಿಂದ ಎಂತ ಎಂತ ಅಂತ ಯಾಕ ಬಡಕೊಂಡ್ರಿ?”

“ನಿಮ್ಮ ಧಾರವಾಡದ ಮಾತು. ಎರಡು ಸಲ ಆಡಿದ್ರೇ ನಮ್ಮ ತಲೆಗೆ ಹೋಗೂದು.”

“ಹಂಗಾದ್ರ ಇದೇನು?” ರಾಯರು ಅರ್ಜಿಯನ್ನು ಇಬ್ಬರ ಮೂಗಿನ ಮುಂದೆಯೂ ಆಡಿಸಿದರು.

ಕೃಷ್ಣಾನಂದ ಅದನ್ನು ಓದಿದ. ಬಾಯಿಂದ ಪೆನ್ಸಿಲು ತೆಗೆದ. “ಕಿವಿ ಹಲ್ಲು ನೋಡೂದು ದನದ ಪೇಟೆಯಲ್ಲಿ, ಸಾಹೇಬರೇ! ಇಲ್ಲಿ ತಾರು ನೋಡಿ. ತಪ್ಪಿದ್ದು ಒಂದು ತೋರಿಸಿ, ನಾನು ಈಗಲೇ ಮನೆಗೆ ಹೋಗ್ತೇನೆ!”

ತೋರಿಸಲು ಏನೂ ಇರಲಿಲ್ಲ. ರಾಯರು ಕೂತು ವರದಿ ಬರೆದರು: “ಖುದ್ದು ಪರೀಕ್ಷಿಸಿದೆ. ಅರ್ಜಿ ಶುದ್ಧ ಸುಳ್ಳು. ತಾರು ಗುಮಾಸ್ತ ಕೃಷ್ಣಾನಂದನ ಕಿವಿ ಇಲಾಖೆಗೇ ಮಾದರಿ.” ಲಕೋಟೆಗೆ ಹಾಕಿ ಅಲ್ಲೇ ಕೊಟ್ಟರು. ಮಾಬ್ಲೇಶ್ವರ ಅದರ ಮೇಲೆ ಮೇಜೇ ಅದುರುವಂತೆ ಮುದ್ರೆ ಹೊಡೆದು, ಚೀಲಕ್ಕೆ ಹಾಕಿ, ಅರಗು ಒತ್ತಿದ.

ಮಧ್ಯಾಹ್ನದ ಬಸ್ಸಿನ ಎಂಜಿನ್ನು ಸತ್ತವರನ್ನು ಎಬ್ಬಿಸುವಂತೆ ಆರ್ಭಟಿಸಿತು. ರಾಯರು ಎರಡೂ ಕಿವಿಗಳನ್ನು ಅಂಗೈಯಿಂದ ಒತ್ತಿ ಮುಚ್ಚಿಕೊಂಡರು. ತಂಬಾಕಿನ ಡಬ್ಬಿ ಕಚೇರಿಯಲ್ಲೇ ಉಳಿದಿತ್ತು. ಹಲ್ಲಿಗೆ ಏನಾದರೂ ಬೇಕಲ್ಲ ಎಂದು ಆಗಲೇ ಪೆನ್ಸಿಲು ಕಚ್ಚಿಕೊಂಡಿದ್ದರು. ಬಸ್ಸು ಕುಲುಕಿದಾಗ ಅದರ ತುದಿ ಮುಂದಿನ ಸೀಟಿನ ಮರಕ್ಕೆ ತಾಗಿತು.

ಮುಚ್ಚಿದ ಕಿವಿಗಳ ನಡುವೆ, ತಲೆಯೊಳಗೆಲ್ಲ, ಎಂಜಿನ್ನು ಗುಡುಗಿತು.

ರಾಯರು ಹಿಂದಕ್ಕೆ ಸರಿದರು; ಗುಡುಗು ಅಡಗಿತು. ಪೆನ್ಸಿಲಿನ ತುದಿಯನ್ನು ಮತ್ತೆ ಮರಕ್ಕೆ ತಾಗಿಸಿದರು, ಬಂತು. ಇನ್ನೊಮ್ಮೆ. ಆಮೇಲೆ, ಯಾರೋ ಮೇಜಿನ ಮೇಲೆ ಧಡ್ಡೆಂದು ಮುದ್ರೆ ಹೊಡೆದಂತೆ, ೧೯೪೪ರ ಏಪ್ರಿಲ್ ನೆನಪಾಯಿತು: ಬೊಂಬಾಯಿ ಬಂದರಿನಲ್ಲಿ ಮದ್ದುಗುಂಡಿನ ಹಡಗು ಸಿಡಿದ ತಿಂಗಳು, ಕೃಷ್ಣಾನಂದನ ವರ್ಗಕ್ಕೆ ಹಿಂದಿನ ತಿಂಗಳು. ಕೈ ತಾನಾಗಿ ಮೀಸೆಗೆ ಹೋಯಿತು. ಆ ಆಸಾಮಿ ಬೆಳಗಿನಿಂದ ನೋಡಿದ್ದು ತಮ್ಮ ಮುಖವನ್ನಲ್ಲ, ತುಟಿಗಳನ್ನು; ಮೀಸೆಯಡಿ ಕಾಣದೆ ಹೋದದ್ದನ್ನೆಲ್ಲ ಮುದುಕ “ಎಂತ?” ಎಂದು ತನ್ನ ಬೋಳು ತುಟಿಯಲ್ಲಿ ಆಡಿ ತೋರಿಸಿದ್ದ.

ಅರ್ಜಿ ನಿಜವಾಗಿತ್ತು; ಆ ಕಿವುಡನ ಕಿವಿ ಇಲಾಖೆಗೇ ಮಾದರಿಯೆಂದು ರಾಯರು ಸಹಿ ಮಾಡಿ ಕೊಟ್ಟ ಕಾಗದ, ಅವರ ತಲೆಯ ಮೇಲೆಯೇ, ಬಸ್ಸಿನ ಮಾಡಿನ ಮೇಲೆ, ಅರಗು ಒತ್ತಿದ ಚೀಲದೊಳಗೆ ಅವರ ಜೊತೆ ಘಟ್ಟ ಹತ್ತುತ್ತಿತ್ತು.