ಹಿಂದಿನಿಂದ ಕರೆಯಬೇಡ

ಆಸ್ಟ್ರೇಲಿಯಾದ ಮರುಭೂಮಿಗೆ ಜೀಪಿನ ಹಿಂದೆ ಕ್ಯಾಂಪರ್ ಟ್ರೇಲರ್ ಕಟ್ಟಿಕೊಂಡು ಒಬ್ಬನೇ ಹೊರಟ ಮಹಾಸಾಹಸಿಗೆ ಶಕುನದ ಭಯ ಮಾತ್ರ ವಿಪರೀತ.

“ಹೊರಟ್ಮೇಲೆ ಹಿಂದಿನಿಂದ ಕೂಗ್ಬೇಡ, ಫೋನೂ ಮಾಡ್ಬೇಡ. ತಲುಪಿ ನಾನೇ ಮಾಡ್ತೀನಿ,” ಎಂದು ಗೇಟಿನ ಬಳಿ ನಿಂತಿದ್ದ ಹೆಂಡತಿಯನ್ನು ಗದರಿದ.

“ಆಯ್ತು ರೀ.”

ಹೊರಟವರು ಹಿಂದೆ ನೋಡಬಾರದೆಂದು ಜೀಪಿನ ಕನ್ನಡಿಗಳನ್ನೂ ಮಡಚಿಟ್ಟಿದ್ದ. ಮರಳುದಿಬ್ಬಗಳನ್ನು ಜೀಪು ಸಲೀಸಾಗಿ ಹತ್ತಿಳಿಯಿತು. ನೀರು, ಊಟ, ಹಾಸಿಗೆ ತುಂಬಿದ ಟ್ರೇಲರ್ ಎಳೆಯುತ್ತಿದ್ದರೂ ಇಷ್ಟು ಹಗುರ! ಎಲ್ಲ ತನ್ನ ಕೈಚಳಕವೆಂದು ಮೀಸೆ ತಿರುವಿದ.

ಸಂಜೆ ನಿರ್ಜನ ಬಯಲಲ್ಲಿ ನಿಂತು, ಸೀಟಿನಿಂದೇಳದೆಯೇ ಸ್ಯಾಟಲೈಟ್ ಫೋನಿನಲ್ಲಿ ಹೆಂಡತಿಗೆ ಕರೆ ಮಾಡಿದ.

“ತಲುಪಿದೆ ಕಣೇ! ನೀನು ಬಾಯಿ ಮುಚ್ಕೊಂಡಿದ್ದಕ್ಕೆ ಒಂದು ವಿಘ್ನವೂ ಬರ್ಲಿಲ್ಲ.”

“ಸಂತೋಷ ರೀ. ಈಗ ಮಾತಾಡ್ಬಹುದಾ? ನೀವು ಹೊರಟಾಗ್ಲೇ ಟ್ರೇಲರ್ ಕಳಚ್ಕೊಂಡು ಗೇಟ್ ಮುಂದೇನೇ ನಿಂತ್ಬಿಡ್ತು.”