ಊಟದ ಬಿಡುವಿನಲ್ಲಿ ಕಲಿತದ್ದು

ಕೆಲಸ ಕಳೆದುಕೊಂಡವರು ಅಲ್ಲಿ ಕಲಿತದ್ದನ್ನೆಲ್ಲ ತಲೆಯಿಂದ ತೆಗೆಸಿ ಕಂಪನಿಗೆ ಒಪ್ಪಿಸಿಯೇ ಮನೆಗೆ ಹೋಗುವುದು ಹುಬ್ಬಳ್ಳಿಯಲ್ಲಿ ಈಗ ಮಾಮೂಲು. ಕಚೇರಿಯ ಹೊಸಮನಿಯವರು ಸುವರ್ಣಾಳ ತಲೆಗೆ ಯಂತ್ರದ ಪಟ್ಟಿ ಬಿಗಿದರು.

"ಕಂಪ್ಯೂಟರ್ ಕೆಲಸ, ಇಂಗ್ಲಿಷು, ಕೈಸನ್ನೆ ಭಾಷಾ. ಮೂರೂ ತಗೀತೀವ್ರಿ ಅಕ್ಕಾರ."

ಸುವರ್ಣಾ ತಲೆಯ ಪಟ್ಟಿಗೆ ಕೈ ಹಾಕಿದಳು. "ಕೈಸನ್ನೆ ಬ್ಯಾಡ್ರಿ ಸರ್! ಅದನ್ನ ಊಟದ ಬಿಡುವಿನಾಗ ಗೆಳತಿ ಕಡಿಂದ ಕಲ್ತೀನಿ. ನನ್ನ ಮಗಳಿಗೆ ಕಿವಿ ಕೇಳಂಗಿಲ್ರಿ."

"ಆ ಬಿಡುವಿಗೂ ಓವರ್‌ಟೈಮ್ ಬರೆಸಿ ರೊಕ್ಕಾ ತಗೊಂಡೀರಲ್ರಿ. ಹಂಗಾದ್ರ ಅದೂ ಕಂಪನಿದಾತು."

ಅದು ನಿಜವೇ ಆಗಿತ್ತು. ಆ ರೊಕ್ಕದಲ್ಲೇ ಮಗಳಿಗೆ ಶಾಲೆಯ ಬೂಟು ಬಂದಿತ್ತು.

ಗಾಜಿನಾಚೆಯ ಬೆಂಚಿನ ಮೇಲೆ ಮಗಳು ತುಂಗಾ ಕಾಲಾಡಿಸುತ್ತ ಕಾಯುತ್ತಿದ್ದಳು. ಯಂತ್ರ ಗುಂಯ್‌ಗುಡತೊಡಗಿತು. ಸುವರ್ಣಾ ಗಡಿಬಿಡಿಯಿಂದ ಎರಡೂ ಕೈಯೆತ್ತಿ ಬೆರಳುಗಳಲ್ಲೇ ಹೇಳಿದಳು: 'ಇವತ್ತಿನಿಂದ ನೀನ ನನಗ ಕಲಿಸಬೇಕವ್ವಾ.'

ತುಂಗಾ ಹುಬ್ಬು ಗಂಟಿಕ್ಕಿ ಉತ್ತರಿಸತೊಡಗಿದಳು. 'ಯಾಕವ್ವಾ? ನಿನಗ...' ಎಂಬಷ್ಟು ಸುವರ್ಣಾಳಿಗೆ ತಿಳಿಯಿತು. ಆಮೇಲೆ ಗಾಜಿನಾಚೆ ಎರಡು ಪುಟ್ಟ ಕೈಗಳು ಸುಮ್ಮನೆ ಗಾಳಿಯಲ್ಲಿ ಅಲ್ಲಾಡುತ್ತಿದ್ದವು.